ಭೀಮಗಡದ ಗುಡ್ಡದಲ್ಲಿ ಜಾಗ ನೋಡಲು ಹೋಗುವವರಿಗೆ

ಪ್ರಶ್ನೆ: ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನೇ ಫೋಟೋ ತೆಗೆಯೋ ಕ್ಯಾಮೆರಾ) ಇಡೋಕೆ ಅನುಮತಿ ಸಿಕ್ಕಿದೆ. ಮಾರ್ಚ್‌ನಲ್ಲಿ ಮೂರು ದಿನ ಜಾಗ ನೋಡಿ ಬರಬೇಕು. ಗುಡ್ಡ ಬಹಳ ಕಡಿದು, ಸರಿಯಾದ ದಾರಿಯೂ ಇಲ್ಲ. ಓಡಾಡಿದವರು ದಯವಿಟ್ಟು ಹೇಳಿ.

ಉತ್ತರ 1: ಮೊದಲ ದಿನ ಕ್ಯಾಮೆರಾ ಒಯ್ಯಬೇಡಿ. ಆ ದಿನ ಪೂರ್ತಿ ಇಳಿಯುವ ದಾರಿ ಹುಡುಕೋಕೇ ಇರಲಿ. ನಾವು ಹಾಗೆ ಮಾಡದೆ ಪೇಚಿಗೆ ಸಿಕ್ಕಿದ್ದೆವು. ಹಳ್ಳ ಹಿಡಿದು ಇಳಿದರೆ ಬೇಗ ಊರು ಸೇರ್ತೀವಿ ಅಂತ ನಕ್ಷೆ ನೋಡಿ ಅಂದುಕೊಂಡೆವು. 1:50,000 ಟೋಪೋಶೀಟಿನಲ್ಲಿ, ಅಂದರೆ ಗುಡ್ಡದ ಎತ್ತರವನ್ನು ಗೆರೆಗಳಲ್ಲಿ ತೋರಿಸೋ ನಕ್ಷೆಯಲ್ಲಿ, 20 ಮೀಟರ್ ಎತ್ತರಕ್ಕೆ ಒಂದು ಗೆರೆ. ಎರಡು ಗೆರೆಗಳ ನಡುವೆ 15 ಮೀಟರ್ ಬಂಡೆ ಅಡಗಿದ್ದರೂ ಕಾಣೋದಿಲ್ಲ. ಸಂಜೆ ಐದಕ್ಕೆ ಅಂಥದ್ದೇ ಒಂದು ಬಂಡೆಯ ತುದಿಗೆ ಬಂದು ನಿಂತೆವು. ಕೆಳಗೆ ನೀರಿನ ಸದ್ದು ಕೇಳುತ್ತೆ, ಕಾಲಿಡೋಕೆ ಜಾಗ ಇಲ್ಲ. ಇಳಿದದ್ದನ್ನೆಲ್ಲ ಮತ್ತೆ ಹತ್ತಿ ಊರು ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಜೊತೆಗಿದ್ದ ಹುಡುಗನ ಕೈ ಅದುರುತ್ತಿದ್ದದ್ದು ಇನ್ನೂ ನೆನಪಿದೆ. ಈಗ ಏನೇ ಆಗಲಿ, ಮಧ್ಯಾಹ್ನ ಎರಡಕ್ಕೆ ಹಿಂದಕ್ಕೆ ತಿರುಗುತ್ತೇನೆ. ಹಳ್ಳ ಬಿಟ್ಟು ಗುಡ್ಡದ ಏಣು ಹಿಡಿದೇ ಇಳಿಯುತ್ತೇನೆ.

ಇನ್ನೊಂದು, ಮಾರ್ಚ್‌ನಲ್ಲಿ ಒಣ ಎಲೆ ಪಾದ ಮುಚ್ಚುತ್ತೆ. ಅದರಡಿ ಉರುಟು ಕಲ್ಲು. ಒಂದು ಗಟ್ಟಿ ಕೋಲು ಇರಲೇಬೇಕು.

ಉತ್ತರ 2: ಮೇಲೆ ಅಣ್ಣ ಹೇಳಿದ್ದು ನಿಜ. ಅದಕ್ಕೇ ಅರಣ್ಯ ಇಲಾಖೆಯ ವಾಚರ್ (ಕಾಡು ಕಾಯೋರು) ಜೊತೆ ಆ ಊರಿನ ಹಿರಿಯರೊಬ್ಬರನ್ನೂ ಕರೆದುಕೊಳ್ಳಿ. ಕಾಡೊಳಗಿನ ಊರುಗಳಲ್ಲಿ ಮರಾಠಿ ಜಾಸ್ತಿ, ಮಾತಾಡಬಲ್ಲವರು ಒಬ್ಬರಿರಲಿ. ನಮ್ಮ ಜೊತೆ ಬಂದಿದ್ದ ಕಾಕಾ ಒಂದು ಹುತ್ತದ ಮುಂದೆ ಕೂತರು. ಅರ್ಧ ಅಗೆದು ಹಾಕಿತ್ತು. ಮಣ್ಣು ಚಿವುಟಿ ನನ್ನ ಅಂಗೈಗಿಟ್ಟರು. ಇನ್ನೂ ತೇವ ಇತ್ತು. ‘ರಾತ್ರಿ ಕರಡಿ ಬಂದಿತ್ತು’ ಅಂದು ನಮ್ಮನ್ನು ಸುತ್ತು ಹಾಕಿಸಿ ಕರೆದೊಯ್ದರು. ಹಳ್ಳದ ಬದಿ ನೀರಿನ ಸದ್ದಿಗೆ ಕರಡಿಗೆ ನಮ್ಮ ಹೆಜ್ಜೆ ಕೇಳಿಸೋದಿಲ್ಲ. ಅಲ್ಲಿ ಮಾತಾಡುತ್ತಾ, ಕೋಲು ತಟ್ಟುತ್ತಾ ನಡೀರಿ. ಕ್ಯಾಮೆರಾಗೆ ಒಳ್ಳೆ ಜಾಗ ಬೇಕಾ? ಎರಡು ಗುಡ್ಡ ಸೇರೋ ತಗ್ಗು ನೋಡಿ. ಪ್ರಾಣಿಗಳೂ ನಮ್ಮ ಹಾಗೇ, ಸುಮ್ನೆ ಕಡಿದಾದ ಏರು ಹತ್ತೋದಿಲ್ಲ.

ಉತ್ತರ 3: ಒಂದೇ ಮಾತು. ಬಾರಾಪೇಡೆ ಗವಿಗಳ ಕಡೆ ಹೋದರೆ ಒಳಗೆ ಹೋಗಬೇಡಿ. ಅಲ್ಲಿರೋ ರಾಟನ್ಸ್ ಬಾವಲಿ ಬಹಳ ಕಾಲ ಜಗತ್ತಿನಲ್ಲಿ ಇಲ್ಲಿ ಮಾತ್ರ ಇದೆ ಅಂತಿದ್ದರು. ಆಮೇಲೆ ಮೇಘಾಲಯ, ಕಾಂಬೋಡಿಯಾದಲ್ಲೂ ಸಿಕ್ಕಿತು. 2011ರಲ್ಲಿ ಭೀಮಗಡ ಅಭಯಾರಣ್ಯ ಆದದ್ದಕ್ಕೆ ಈ ಪುಟ್ಟ ಜೀವವೂ ಒಂದು ಕಾರಣ. ಟಾರ್ಚ್ ಬೆಳಕು, ಗದ್ದಲ ಅದಕ್ಕೆ ಆಗಿಬರೋದಿಲ್ಲ. ದೂರದಿಂದಲೇ ಜಿಪಿಎಸ್ ಗುರುತು ಹಾಕಿಕೊಂಡು ಬನ್ನಿ.