ಬಂಗುಡೆಯ ಕಿವಿರಿನಲ್ಲಿ ಸಿಕ್ಕ ಐಸೊಪಾಡ್: ಯಾವ ವರ್ಗೀಕರಣವನ್ನು ಪಾಠ ಮಾಡಬೇಕು?

ಪ್ರಶ್ನೆ: ಮಾಟುಂಗಾ ವಾಸಿ, ಮುಂಬೈ

ನಾನು ಇಲ್ಲಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗಾಲಯವನ್ನು ನೋಡಿಕೊಳ್ಳುತ್ತೇನೆ. ಕಳೆದ ವಾರ ಸಸೂನ್ ಡಾಕ್‌ನಿಂದ ತರಿಸಿದ ಬಂಗುಡೆಗಳನ್ನು ವಿದ್ಯಾರ್ಥಿಗಳು ಕೊಯ್ಯುತ್ತಿದ್ದಾಗ ಒಂದು ಮೀನಿನ ಕಿವಿರಿನ ಮುಚ್ಚಳದ ಒಳಗೆ ಸುಮಾರು ಎರಡು ಸೆಂಟಿಮೀಟರ್ ಉದ್ದದ, ಕೆನೆಬಣ್ಣದ, ದೇಹವೆಲ್ಲ ಒಂದು ಪಕ್ಕಕ್ಕೆ ವಾಲಿಕೊಂಡ ಜೀವಿಯೊಂದು ಸಿಕ್ಕಿತು. ಅದರ ಮಗ್ಗುಲಲ್ಲೇ ಅದೇ ರೂಪದ, ಆದರೆ ತೀರ ಚಿಕ್ಕದಾದ ಇನ್ನೊಂದು ಅಂಟಿಕೊಂಡಿತ್ತು. ಎರಡಕ್ಕೂ ಏಳೇಳು ಜೊತೆ ಕಾಲುಗಳಿದ್ದುದರಿಂದ ಐಸೊಪಾಡ್, ಅಂದರೆ ಸಿಗಡಿ, ಏಡಿಗಳ ನಂಟಿನ ಒಂದು ಗಣದ ಜೀವಿ, ಎಂಬುದರಲ್ಲಿ ನನಗೆ ಸಂಶಯವಿಲ್ಲ.

ತೊಡಕು ಇರುವುದು ಅದರ ಮುಂದಿನ ಹಂತದಲ್ಲಿ. ನಮ್ಮ ವಿಭಾಗದ ಹಳೆಯ ಪಠ್ಯಪುಸ್ತಕವು ಮೀನಿನ ಮೇಲೆ ಬದುಕುವ ಇಂಥವುಗಳನ್ನು ಫ್ಲಾಬೆಲ್ಲಿಫೆರಾ ಎಂಬ ಉಪಗಣದಲ್ಲಿಟ್ಟು, ಸಿಗಡಿಯ ಕಿವಿರಿನ ಬಳಿ ಊತ ಬರಿಸುವ ಬೊಪೈರಿಡ್‌ಗಳನ್ನು ಎಪಿಕ್ಯಾರಿಡಿಯಾ ಎಂಬ ಬೇರೆ ಉಪಗಣದಲ್ಲಿಡುತ್ತದೆ. ವಿದ್ಯಾರ್ಥಿಗಳು ಅಂತರ್ಜಾಲದಲ್ಲಿ ನೋಡಿದ ಪಟ್ಟಿಯಲ್ಲಿ ಫ್ಲಾಬೆಲ್ಲಿಫೆರಾ ಎಂಬ ಹೆಸರೇ ಇಲ್ಲ, ಎರಡೂ ಗುಂಪುಗಳು ಸೈಮೊಥೊಯಿಡಾ ಎಂಬ ಒಂದೇ ಉಪಗಣದಲ್ಲಿವೆ. ಈ ಬದಲಾವಣೆಗೆ ಆಧಾರವೇನು, ಅದು ಎಷ್ಟರಮಟ್ಟಿಗೆ ಸ್ಥಿರವಾಗಿದೆ? ಮರೀನ್ ಡ್ರೈವ್‌ನ ಕಾಂಕ್ರೀಟ್ ಕಲ್ಲುಗಳ ಮೇಲೆ ಸರಸರನೆ ಓಡಿ ಸಂದಿಯಲ್ಲಿ ಮರೆಯಾಗುವ ಜೀವಿಯೂ ಇದೇ ಗಣದ್ದು ಎಂದಾಗ ವಿದ್ಯಾರ್ಥಿಗಳು ನಂಬಲಿಲ್ಲ.

ಉತ್ತರ 1: ನಿವೃತ್ತ ಅಧ್ಯಾಪಕ, ಪುಣೆ

ತಾವು ಕೊಟ್ಟ ವಿವರಣೆಗೆ ಚೆನ್ನಾಗಿ ಹೊಂದುವುದು ನೊರಿಲೆಕಾ ಇಂಡಿಕಾ ಎಂಬ ಪ್ರಭೇದ. ಪ್ರಾಣಿಶಾಸ್ತ್ರಜ್ಞ ಮಿಲ್ನ್ ಎಡ್ವರ್ಡ್ಸ್ ಇದನ್ನು 1840ರಲ್ಲಿ ವಿವರಿಸಿದ್ದು, ನಮ್ಮ ಕರಾವಳಿಯ ಬಂಗುಡೆಯ ಕಿವಿರುಕೋಣೆಯಿಂದ ಹಲವು ಬಾರಿ ವರದಿಯಾಗಿದೆ. ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಈ ಕುಟುಂಬದಲ್ಲಿ, ಅಂದರೆ ಸೈಮೊಥೊಯಿಡೇಯಲ್ಲಿ, ಪ್ರತಿಯೊಂದು ಪ್ರಾಣಿಯೂ ಮೊದಲು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗಬಲ್ಲದು. ಮೀನಿನಲ್ಲಿ ಆಗಲೇ ಒಂದು ಹೆಣ್ಣು ನೆಲೆಸಿದ್ದರೆ ಅನಂತರ ಬಂದದ್ದು ಸಾಮಾನ್ಯವಾಗಿ ಗಂಡಾಗಿಯೇ ಉಳಿಯುತ್ತದೆ.

ಇನ್ನು ವರ್ಗೀಕರಣದ ವಿಚಾರ. ಫ್ಲಾಬೆಲ್ಲಿಫೆರಾ ನಿಂತಿದ್ದುದು ಮುಖ್ಯವಾಗಿ ಬಾಲದ ಮೇಲೆ. ಕೊನೆಯ ಜೊತೆ ಉಪಾಂಗಗಳು ಬಾಲತಟ್ಟೆಯ ಎರಡು ಪಕ್ಕಗಳಲ್ಲಿ ಚಪ್ಪಟೆಯಾಗಿ ಹರಡಿ ಬೀಸಣಿಗೆಯಾಗಿದ್ದರೆ ಅದು ಫ್ಲಾಬೆಲ್ಲಿಫೆರಾ ಎಂದು ಎಣಿಸುತ್ತಿದ್ದರು. ಆದರೆ ಇಂಥ ಲಕ್ಷಣ ಬಹಳ ಹಿಂದಿನ ಪೂರ್ವಜರಿಂದ ಹಲವು ಶಾಖೆಗಳಿಗೆ ಬಳುವಳಿಯಾಗಿ ಬಂದಿದ್ದರೆ, ಅದನ್ನು ಉಳಿಸಿಕೊಂಡ ಶಾಖೆಗಳೆಲ್ಲ ತಮ್ಮತಮ್ಮಲ್ಲೇ ಹತ್ತಿರದ ನಂಟರು ಎಂದು ಹೇಳಲು ಬರುವುದಿಲ್ಲ. ಪ್ರಾಣಿಶಾಸ್ತ್ರಜ್ಞ ವ್ಯಾಗೆಲೆ 1989ರಲ್ಲಿ ಈ ಹಳೆಯ ಉಪಗಣವನ್ನು ಒಡೆದು ಸೈಮೊಥೊಯಿಡಾವನ್ನು ರೂಪಿಸಿದರು. 2003ರಲ್ಲಿ ಬ್ರಾಂಟ್ ಮತ್ತು ಪೂರ್ ಇಡೀ ಗುಂಪನ್ನು ಮರುಪರಿಶೀಲಿಸಿ ಈಗ ಬಳಕೆಯಲ್ಲಿರುವ ಚೌಕಟ್ಟನ್ನು ಕೊಟ್ಟರು. ಅದರ ಪ್ರಕಾರ ಮುಟ್ಟಿದರೆ ಗುಂಡಾಗಿ ಸುತ್ತಿಕೊಳ್ಳುವ ಅನೇಕ ಕಡಲ ಪ್ರಭೇದಗಳು ಸ್ಫೀರೊಮ್ಯಾಟಿಡಿಯಾಕ್ಕೆ, ಮರ ಕೊರೆಯುವ ಲಿಮ್ನೋರಿಯಾ ಮತ್ತು ಅದರ ಬಳಗ ಲಿಮ್ನೋರಿಡಿಯಾಕ್ಕೆ ಹೋದವು. ಮಾಂಸಾಹಾರಿಗಳು, ಮೀನಿನ ಪರೋಪಜೀವಿಗಳು, ಬೊಪೈರಿಡ್‌ಗಳು, ಮರಿಯಾಗಿದ್ದಾಗ ಮಾತ್ರ ಮೀನಿನ ರಕ್ತ ಹೀರಿ ಬೆಳೆದ ಮೇಲೆ ಏನನ್ನೂ ತಿನ್ನದ ನಾಥಿಡ್‌ಗಳು, ಕೊಳವೆಯಂತೆ ನೀಳವಾದ ಆಂಥುರಿಡ್‌ಗಳು ಇವೆಲ್ಲ ಸೈಮೊಥೊಯಿಡಾದೊಳಗೆ ಬಂದವು. ಇಲ್ಲಿ ಬಾಲಕ್ಕಿಂತ ದವಡೆಗೆ ಹೆಚ್ಚು ಬೆಲೆ ಬಂದಿದೆ. ಅರೆಯುವ ಭಾಗ ಮೊಂಡಾಗಿರದೆ ಅಲಗಿನಂತೆ ತೆಳುವಾಗಿರುವುದು, ಮುಂದೆ ಪರೋಪಜೀವಿಗಳಲ್ಲಿ ಅದೂ ಕುಗ್ಗಿಹೋಗುವುದು, ಈ ಗುಂಪಿನ ಮುಖ್ಯ ಗುರುತು.

ವಿದ್ಯಾರ್ಥಿಗಳಿಗೆ ಭೂತಗನ್ನಡಿಯ ಕೆಳಗೆ ತೋರಿಸಬೇಕಾದದ್ದು ಕಾಲುಗಳನ್ನು. ಸತ್ತ ಮೀನನ್ನು ಮುತ್ತುವ ಸಿರೊಲಾನಿಡೇ ಕುಟುಂಬದಲ್ಲಿ ಏಳು ಜೊತೆಯೂ ನಡೆಯುವ ಕಾಲುಗಳು. ಮೀನನ್ನು ಹಿಡಿದು ರಕ್ತ ಹೀರಿ ಬಿಟ್ಟುಹೋಗುವ ಈಜಿಡೇ ಕುಟುಂಬದಲ್ಲಿ ಮೊದಲ ಮೂರು ಜೊತೆ ಕೊಕ್ಕೆಯಾಗಿದ್ದು ಉಳಿದ ನಾಲ್ಕು ನಡೆಯಲು ಉಳಿದಿವೆ. ನಿಮ್ಮ ಬಂಗುಡೆಯಲ್ಲಿ ಸಿಕ್ಕಿದ್ದರಲ್ಲಿ ಏಳೂ ಜೊತೆ ಕೊಕ್ಕೆಗಳಾಗಿರುತ್ತವೆ. ಒಮ್ಮೆ ನೆಲೆಸಿ ಹೆಣ್ಣಾದ ಮೇಲೆ ಅದು ಮತ್ತೆ ಈಜಿ ಬೇರೆ ಮೀನನ್ನು ಹುಡುಕಿಕೊಂಡು ಹೋಗುವ ಸ್ಥಿತಿಯಲ್ಲಿರುವುದಿಲ್ಲ. ಈ ಮೂರನ್ನೂ ಸಾಲಾಗಿ ಇಟ್ಟು ನೋಡಿದರೆ ಇವು ಒಂದೇ ಉಪಗಣದಲ್ಲಿರುವುದಕ್ಕೆ ಕಾರಣವನ್ನು ಬಾಯಿಪಾಠ ಮಾಡಿಸಬೇಕಾಗುವುದಿಲ್ಲ. ಆದರೆ ಇದನ್ನು ಒಂದರಿಂದ ಇನ್ನೊಂದು ಹುಟ್ಟಿದ ಮೆಟ್ಟಿಲುಗಳೆಂದು ಪಾಠ ಮಾಡುವುದು ತರವಲ್ಲ, ಮೂರೂ ಇಂದು ಬದುಕಿರುವ ಕುಟುಂಬಗಳೇ.

ಉತ್ತರ 2: ಅಂಧೇರಿಯ ಹೋಟೆಲಿನವ

ಶಾಸ್ತ್ರದ ಚರ್ಚೆಯ ನಡುವೆ ಒಂದು ಸಣ್ಣ ಪ್ರಶ್ನೆ ಕೇಳುವುದಕ್ಕೆ ಕ್ಷಮೆ ಇರಲಿ. ನಮ್ಮ ಅಡುಗೆಮನೆಯಲ್ಲಿಯೂ ಬಂಗುಡೆ ಕ್ಲೀನ್ ಮಾಡುವಾಗ ಇಂಥವು ಕಾಣಿಸುತ್ತವೆ. ಅಂಥ ಮೀನನ್ನು ಬಳಸಬಹುದೇ? ನಾಲಿಗೆಯನ್ನು ತಿಂದು ಅದರ ಜಾಗದಲ್ಲಿ ಕೂರುವ ಹುಳು ಇದೇನಾ?

ಉತ್ತರ 3: ನಿವೃತ್ತ ಅಧ್ಯಾಪಕ, ಪುಣೆ

ತೆಗೆದುಹಾಕಿ ತೊಳೆದು ಬೇಯಿಸಿದರೆ ಸಾಕು, ಅದು ಮನುಷ್ಯರ ಮೈಯಲ್ಲಿ ಬದುಕುವ ಜೀವಿಯಲ್ಲ. ನಾಲಿಗೆಯ ಜಾಗದಲ್ಲಿ ಕೂರುವ ವಿಚಾರದಲ್ಲಿ ಪ್ರಸಿದ್ಧವಾದದ್ದು ಸೈಮೊಥೊವಾ ಎಕ್ಸಿಗುವಾ. ಕ್ಯಾಲಿಫೋರ್ನಿಯಾ ಕೊಲ್ಲಿಯ ಒಂದು ಬಗೆಯ ಸ್ನ್ಯಾಪರ್ ಮೀನಿನಲ್ಲಿ ಅದು ನಾಲಿಗೆಯನ್ನು ಕ್ಷಯಿಸುವಂತೆ ಮಾಡಿ ಉಳಿದ ಮೋಟಿಗೆ ಅಂಟಿಕೊಂಡು ನಾಲಿಗೆಯ ಕೆಲಸವನ್ನೇ ಮಾಡುವುದನ್ನು 1983ರಲ್ಲಿ ಬ್ರಸ್ಕಾ ಮತ್ತು ಗಿಲಿಗನ್ ವಿವರಿಸಿದರು. ಅದೊಂದರಿಂದಾಗಿ ಇಡೀ ಕುಟುಂಬಕ್ಕೇ ನಾಲಿಗೆ ತಿನ್ನುವ ಹುಳು ಎಂಬ ಹೆಸರು ಬಂದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ನೆರೊಸಿಲಾ ಮೀನಿನ ಹೊರಮೈ ಮತ್ತು ರೆಕ್ಕೆಗಳ ಮೇಲೆ, ನೊರಿಲೆಕಾ ಕಿವಿರಿನಲ್ಲಿ, ಸೈಮೊಥೊವಾ ಬಾಯಿಯಲ್ಲಿ, ಹೀಗೆ ಒಂದೊಂದಕ್ಕೂ ತನ್ನದೇ ನೆಲೆ ಇದೆ.

ಉತ್ತರ 4: ಕಾರವಾರದವಳು, ಈಗ ವಾಸ್ಕೊ

ಪರೋಪಜೀವಿಗಳ ಮೇಲೆಯೇ ಎಲ್ಲರ ಗಮನ ಹೋಗುವುದರಿಂದ ಉಳಿದ ಐಸೊಪಾಡ್‌ಗಳು ಮರೆಯಾಗುತ್ತವೆ. ಗೋವಾದ ಮಾಂಡವಿ, ಜುವಾರಿ ನದಿಮುಖಗಳಂಥ ಕಡೆ ಇಳಿತದ ಹೊತ್ತಿಗೆ ಕಾಂಡ್ಲ (ಮ್ಯಾಂಗ್ರೋವ್) ಗಿಡದ ಇಳಿಬೇರುಗಳ ತುದಿಯನ್ನು ನೋಡಬೇಕು. ಪೆನ್ಸಿಲ್ ತೂರುವಷ್ಟು ಅಗಲದ ದುಂಡನೆಯ ತೂತುಗಳಿದ್ದರೆ ಒಳಗೆ ಸ್ಫೀರೊಮಾ ಟೆರೆಬ್ರಾನ್ಸ್ ಇರುವ ಸಾಧ್ಯತೆ ಹೆಚ್ಚು. ಬೇರನ್ನು ಸೀಳಿದರೆ ಒಂದು ಸೆಂಟಿಮೀಟರ್‌ನಷ್ಟು ಉದ್ದದ, ಬೆನ್ನಿನ ಹಿಂಭಾಗದಲ್ಲಿ ಸಣ್ಣ ಸಣ್ಣ ಗುಬುಟುಗಳಿರುವ ಪ್ರಾಣಿ ಬಾಲತಟ್ಟೆಯನ್ನು ಬಾಗಿಲಿನ ಕಡೆಗೆ ಮಾಡಿ ಕುಳಿತಿರುತ್ತದೆ. ಇದು ಮರವನ್ನು ತಿನ್ನುವುದಿಲ್ಲ. ಬಿಲಕ್ಕಾಗಿ ಕೊರೆಯುತ್ತದೆ, ಆಹಾರವನ್ನು ನೀರಿನಿಂದ ಸೋಸಿಕೊಳ್ಳುತ್ತದೆ. ಲಿಮ್ನೋರಿಯಾವೋ ಮರವನ್ನೇ ತಿಂದು, ಕರುಳಿನ ಸೂಕ್ಷ್ಮಜೀವಿಗಳ ನೆರವಿಲ್ಲದೆ ತನ್ನದೇ ಕಿಣ್ವಗಳಿಂದ ಸೆಲ್ಯುಲೋಸನ್ನು ಜೀರ್ಣಿಸಿಕೊಳ್ಳುತ್ತದೆ. ಕಸುಬು ಮೇಲುನೋಟಕ್ಕೆ ಒಂದೇ ಆದರೂ ಇವೆರಡೂ ಬೇರೆ ಬೇರೆ ಉಪಗಣಗಳಲ್ಲಿರುವುದಕ್ಕೆ ಪುಣೆಯ ಸರ್ ಹೇಳಿದ ದವಡೆಯ ಕಥೆಯೇ ಕಾರಣ. ಜೀವನಕ್ರಮವನ್ನು ನೋಡಿ ವರ್ಗೀಕರಿಸಲು ಹೊರಟರೆ ಐಸೊಪಾಡ್‌ಗಳಲ್ಲಿ ಪ್ರತಿ ಹೆಜ್ಜೆಗೂ ಎಡವುತ್ತೇವೆ.

ಇನ್ನೊಂದು ಉಪಗಣ ವ್ಯಾಲ್ವಿಫೆರಾ. ಇವುಗಳ ಕೊನೆಯ ಉಪಾಂಗಗಳು ಹೊಟ್ಟೆಯಡಿಗೆ ಮಡಚಿ, ಉಸಿರಾಟಕ್ಕೆ ನೆರವಾಗುವ ಎಲೆಯಂಥ ಉಪಾಂಗಗಳಿಗೆ ಎರಡು ಕದಗಳಂತೆ ಮುಚ್ಚಿಕೊಳ್ಳುತ್ತವೆ. ಈ ಗುಂಪಿನ ಇಡೋಟಿಯಾ ಬಾಲ್ಟಿಕಾ ಕೆಂಪು ಕಡಲಕಳೆ ಗ್ರಾಸಿಲೇರಿಯಾದ ಗಂಡು ಕೋಶಗಳನ್ನು ಮೈಗಂಟಿಸಿಕೊಂಡು ಹೆಣ್ಣು ಗಿಡಕ್ಕೆ ತಲುಪಿಸುತ್ತದೆ ಎಂದು 2022ರಲ್ಲಿ ಪ್ರಯೋಗದಿಂದ ತೋರಿಸಲಾಯಿತು. ಹೂವಿನ ಪರಾಗಸ್ಪರ್ಶವನ್ನು ಪಾಠ ಮಾಡುವವರು ಇದನ್ನೂ ಸೇರಿಸಿಕೊಳ್ಳಬಹುದು.

ಪ್ರಶ್ನೆ ಕೇಳಿದವರು: ಮಾಟುಂಗಾ ವಾಸಿ, ಮುಂಬೈ

ಎಲ್ಲರಿಗೂ ಧನ್ಯವಾದಗಳು. ಕಾಲುಗಳನ್ನು ನೋಡಿದೆವು, ಏಳೂ ಜೊತೆ ಕೊಕ್ಕೆಗಳೇ. ಎರಡು ವಿಷಯಗಳು ಉಳಿದಿವೆ: ಮರೀನ್ ಡ್ರೈವ್‌ನ ಜೀವಿ, ಮತ್ತು ಈ ಹೊಸ ಚೌಕಟ್ಟು ಎಷ್ಟು ಸ್ಥಿರ ಎಂಬುದು.

ಉತ್ತರ 5: ನಿವೃತ್ತ ಅಧ್ಯಾಪಕ, ಪುಣೆ

ಎರಡಕ್ಕೂ ಸೇರಿಸಿಯೇ ಉತ್ತರಿಸಬಹುದು. ಕಲ್ಲಿನ ಮೇಲೆ ಓಡುವುದು ಲಿಜಿಯಾ. ಹೂಕುಂಡದ ಕೆಳಗಿನ ತೇವದಲ್ಲಿರುವ ಬೂದು ಬಣ್ಣದ ನೆಲದ ಐಸೊಪಾಡ್‌ಗಳ ಜೊತೆಗೆ ಇದನ್ನು ಓನಿಸ್ಕಿಡಿಯಾ ಉಪಗಣದಲ್ಲಿಡುವುದು ವಾಡಿಕೆ, ಕಡಲಿನಿಂದ ನೆಲಕ್ಕೆ ಬಂದ ದಾರಿಯ ನಡುವಿನ ರೂಪವೆಂದೇ ಇದನ್ನು ತೋರಿಸುತ್ತಿದ್ದರು. 2019ರಲ್ಲಿ ಪ್ರಕಟವಾದ ಜೀನ್ ಆಧಾರಿತ ಅಧ್ಯಯನವೊಂದು ಲಿಜಿಯಾ ಉಳಿದ ನೆಲವಾಸಿಗಳಿಗಿಂತ ಕಡಲಿನ ಐಸೊಪಾಡ್‌ಗಳಿಗೇ ಹತ್ತಿರವೆಂದು ಸೂಚಿಸಿತು. ಹಾಗಿದ್ದರೆ ಐಸೊಪಾಡ್‌ಗಳು ನೆಲಕ್ಕೆ ಬಂದದ್ದು ಒಂದು ಸಲವಲ್ಲ. ಆದ್ದರಿಂದ ಕುಟುಂಬಗಳನ್ನು ಗಟ್ಟಿಯಾಗಿ ಕಲಿಸಿ, ಉಪಗಣಗಳನ್ನು ಪೆನ್ಸಿಲಿನಲ್ಲಿ ಬರೆಸಿರಿ ಎಂಬುದು ನನ್ನ ಸಲಹೆ. ಪರೀಕ್ಷೆಗೆ ಮಾತ್ರ 2003ರ ಚೌಕಟ್ಟು ಸಾಕು.

ಗಣದ ಗುರುತುಗಳಲ್ಲಿ ಗೊಂದಲವಿಲ್ಲ. ಸಿಗಡಿ, ಏಡಿಗಳಿಗಿರುವ ಬೆನ್ನುಕವಚ ಇವಕ್ಕಿಲ್ಲ. ಹೆಣ್ಣು ಎದೆಯಡಿಯ ಚೀಲದಲ್ಲಿ ಮೊಟ್ಟೆಗಳನ್ನು ಕಾಯುತ್ತದೆ. ಹೊರಬರುವ ಮರಿಗೆ ಏಳನೆಯ ಜೊತೆ ಕಾಲು ಇನ್ನೂ ಮೂಡಿರುವುದಿಲ್ಲ. ಪೊರೆ ಕಳಚುವುದು ಎರಡು ಕಂತಿನಲ್ಲಿ, ಮೊದಲು ಹಿಂಭಾಗ, ಆಮೇಲೆ ಮುಂಭಾಗ. ಮರೀನ್ ಡ್ರೈವ್‌ನಲ್ಲಿ ಅರ್ಧ ಮೈ ಬಿಳಿಚಿದ, ಅರ್ಧ ಮೈ ಕಪ್ಪಾದ ಲಿಜಿಯಾ ಸಿಕ್ಕರೆ ವಿದ್ಯಾರ್ಥಿಗಳ ಅಪನಂಬಿಕೆ ಅಲ್ಲೇ ಮುಗಿಯುತ್ತದೆ.

ವೈವಿಧ್ಯದ ಅಂದಾಜಿಗೆ: ಪೂರ್ ಮತ್ತು ಬ್ರೂಸ್ 2012ರಲ್ಲಿ ಅಸೆಲ್ಲೋಟಾ ಎಂಬ ಇನ್ನೊಂದು ಉಪಗಣ ಮತ್ತು ಸಿಗಡಿ, ಏಡಿಗಳ ಪರೋಪಜೀವಿಗಳನ್ನು ಬಿಟ್ಟೇ 37 ಕುಟುಂಬಗಳ 3154 ಕಡಲ ಪ್ರಭೇದಗಳನ್ನು ಲೆಕ್ಕ ಹಾಕಿದರು. ಆಳಸಮುದ್ರದ ತಳದಲ್ಲಿ ಹೆಚ್ಚಿನ ವೈವಿಧ್ಯವಿರುವುದು ಆ ಬಿಟ್ಟ ಅಸೆಲ್ಲೋಟಾದಲ್ಲಿಯೇ. ಗಾತ್ರದಲ್ಲಿ ಒಂದು ಮಿಲಿಮೀಟರ್‌ಗಿಂತ ಚಿಕ್ಕವುಗಳಿಂದ ಹಿಡಿದು, 1879ರಲ್ಲಿ ವಿವರಿಸಲಾದ, ಮೂವತ್ತಾರು ಸೆಂಟಿಮೀಟರ್ ಮೀರುವ ಬ್ಯಾಥಿನೋಮಸ್ ಜೈಗ್ಯಾಂಟಿಯಸ್‌ವರೆಗೂ ಇವೆ.

ಕೊನೆಯದಾಗಿ, ಸಿಕ್ಕ ಮಾದರಿಯನ್ನು ಫಾರ್ಮಲಿನ್‌ನಲ್ಲಿ ಹಾಕಬೇಡಿ, ಅದರಿಂದ ಡಿಎನ್ಎ ಕೆಡುತ್ತದೆ. ಹೆಣ್ಣು, ಗಂಡು ಎರಡನ್ನೂ ಒಂದೇ ಸೀಸೆಯಲ್ಲಿ ಗಾಢವಾದ ಈಥೈಲ್ ಆಲ್ಕೊಹಾಲ್‌ನಲ್ಲಿಡಿ. ಮೀನಿನ ಹೆಸರು, ಉದ್ದ, ಎಡ ಕಿವಿರೋ ಬಲ ಕಿವಿರೋ ಎಂಬುದನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಒಳಗೇ ಹಾಕಿ. ದೇಹ ಯಾವ ಕಡೆಗೆ ವಾಲಿದೆ ಎಂಬುದಕ್ಕೂ ಅದು ಕುಳಿತ ಬದಿಗೂ ಸಂಬಂಧವಿರುತ್ತದೆ, ಮೀನಿನಿಂದ ಕಿತ್ತ ಮೇಲೆ ಕುಳಿತ ಬದಿಯನ್ನು ಖಚಿತವಾಗಿ ತಿಳಿಯಲು ಬೇರೆ ದಾರಿಯಿಲ್ಲ.