ಕ್ಲಾಸಿಕ್ ಸಿನಿಮಾ ಡೈರಿ: ಹೆಸರು, ತಾರೀಖು, ನಕ್ಷತ್ರ ಬಿಟ್ಟು ಇನ್ನೇನು ಬರೆದಿಡಬೇಕು?

ಮೂರನೇ ಸಾಲು (ಇಲ್ಲಿನ ಹೆಸರುಗಳೆಲ್ಲ ಸದಸ್ಯರು ಇಟ್ಟುಕೊಂಡ ಅಡ್ಡಹೆಸರುಗಳು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜಗತ್ತಿನ ಹಳೆಯ ಚಿತ್ರಗಳಿಗೆಂದೇ ಒಂದು ಡೈರಿ ಇಟ್ಟಿದ್ದೇನೆ. ನೋಡಿದ ದಿನ, ಹೆಸರು, ನಿರ್ದೇಶಕ, ಐದಕ್ಕೆ ಎಷ್ಟು ನಕ್ಷತ್ರ, ಎರಡು ಸಾಲು ಅನಿಸಿಕೆ, ಸದ್ಯಕ್ಕೆ ಇಷ್ಟೇ. ಅದೇ ಚಿತ್ರವನ್ನು ಮತ್ತೆ ನೋಡಿದಾಗ ಹಳೆಯ ಟಿಪ್ಪಣಿ ಯಾವ ಉಪಯೋಗಕ್ಕೂ ಬರುವುದಿಲ್ಲ. ‘ಛಾಯಾಗ್ರಹಣ ಅದ್ಭುತ, ಕೊನೆ ಮನಕಲಕುತ್ತದೆ’ ಎಂದು ಬರೆದದ್ದು ಯಾವ ಚಿತ್ರಕ್ಕಾದರೂ ಹೊಂದುತ್ತದೆ. ಇನ್ನೊಂದು ಗೊಂದಲ: ಒಂದೇ ಚಿತ್ರಕ್ಕೆ ಒಂದೊಂದು ಕಡೆ ಒಂದೊಂದು ಅವಧಿ, ಒಂದೊಂದು ಇಸವಿ. ಯಾವುದನ್ನು ಬರೆಯಬೇಕು? ನೋಟ್‌ಬುಕ್ ಒಳ್ಳೆಯದೋ, ಆ್ಯಪ್ ಒಳ್ಳೆಯದೋ, ಎಕ್ಸೆಲ್ ಶೀಟೋ? ವರ್ಷಗಟ್ಟಲೆ ಡೈರಿ ಇಟ್ಟವರು ವಿವರವಾಗಿ ಹೇಳಿ.

ರೀಲುಡಬ್ಬಿ:

ನಕ್ಷತ್ರಕ್ಕಿಂತ ಮೊದಲು ಬರೆಯಬೇಕಾದದ್ದು, ನೀವು ನೋಡಿದ್ದು ಯಾವ ಪ್ರತಿ ಅನ್ನುವುದು. ಹಳೆಯ ಚಿತ್ರದ ಡೈರಿಗೆ ಇದೇ ಬುನಾದಿ.

ಫ್ರಿಟ್ಜ್ ಲಾಂಗ್‌ನ ‘ಮೆಟ್ರೊಪೊಲಿಸ್’ ತೆಗೆದುಕೊಳ್ಳಿ. 1927ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ತೆರೆಕಂಡಾಗ ಅದು ಸುಮಾರು ಎರಡೂವರೆ ಗಂಟೆಯ ಚಿತ್ರ. ಅದೇ ವರ್ಷ ಕತ್ತರಿ ಬಿತ್ತು. 1984ರಲ್ಲಿ ಸಂಗೀತಗಾರ ಜಾರ್ಜಿಯೊ ಮೊರೊಡರ್ ಬಣ್ಣ ಹಚ್ಚಿ, ಪಾಪ್ ಹಾಡು ಸೇರಿಸಿ ತಂದದ್ದು ಒಂದೂವರೆ ಗಂಟೆಗೂ ಕಡಿಮೆ. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ 16 ಎಂಎಂ ನೆಗೆಟಿವ್ ಸಿಕ್ಕಿತು. ಅದರಿಂದ ಕಳೆದುಹೋಗಿದ್ದ ಬಹುಪಾಲು ದೃಶ್ಯಗಳನ್ನು ಸೇರಿಸಿದ ಪ್ರತಿ ಬಂದದ್ದು 2010ರಲ್ಲಿ. ಅದರಲ್ಲಿ ಚಿತ್ರ ಇದ್ದಕ್ಕಿದ್ದಂತೆ ಗೀರು ಗೀರಾಗಿ, ಚೌಕಟ್ಟು ಚಿಕ್ಕದಾಗಿ ಕಂಡರೆ ಅಲ್ಲಿ ನೋಡುತ್ತಿರುವುದು ಬ್ಯೂನಸ್ ಐರಿಸ್‌ನ ತುಣುಕು ಎಂದರ್ಥ. ನಾಯಕ ಫ್ರೆಡರ್‌ನ ಬೆನ್ನುಹತ್ತುವ ಆ ತೆಳ್ಳಗಿನ ಮನುಷ್ಯನ ಕಥೆ ಪೂರ್ತಿಯಾಗಿ ಸಿಗುವುದು ಇದರಲ್ಲೇ. ಹಾಗಿರುವಾಗ ‘ಉಪಕಥೆಗಳು ಅರೆಬರೆ’ ಎಂದು ನೀವು ಬರೆದಿದ್ದರೆ ಆ ದೋಷ ಲಾಂಗ್‌ನದೋ ಕತ್ತರಿಯದೋ? ಪ್ರತಿ ಯಾವುದೆಂದು ಬರೆದಿಡದಿದ್ದರೆ ಆಮೇಲೆ ಹೇಳಲಾಗುವುದಿಲ್ಲ.

ಆರ್ಸನ್ ವೆಲ್ಸ್‌ನ ‘ಟಚ್ ಆಫ್ ಇವಿಲ್’ ಇನ್ನೂ ಸೂಕ್ಷ್ಮ. ಮೂರು ನಿಮಿಷಕ್ಕೂ ಮೀರಿದ ಮೊದಲ ಶಾಟ್ ಬಗ್ಗೆ ಎಲ್ಲರೂ ಬರೆಯುತ್ತಾರೆ. 1958ರ ಪ್ರತಿಯಲ್ಲಿ ಆ ಶಾಟ್ ಮೇಲೆ ಕಲಾವಿದರ ಹೆಸರುಗಳೂ ಹೆನ್ರಿ ಮಾನ್ಸಿನಿಯ ಸಂಗೀತವೂ ಇವೆ. ವೆಲ್ಸ್ ಸ್ಟುಡಿಯೋಗೆ ಬರೆದ ಟಿಪ್ಪಣಿ ಇಟ್ಟುಕೊಂಡು 1998ರಲ್ಲಿ ಮರುಸಂಕಲನ ಮಾಡಿದ ಪ್ರತಿಯಲ್ಲಿ ಹೆಸರುಗಳಿಲ್ಲ, ಬೀದಿಯ ಬಾರ್‌ಗಳಿಂದ, ಕಾರಿನ ರೇಡಿಯೋದಿಂದ ಬರುವ ಸದ್ದು ಮಾತ್ರ. ಕಣ್ಣಿಗೆ ಅದೇ ಶಾಟ್, ಆದರೆ ಅನುಭವ ಬೇರೆ.

ಪತ್ತೆ ಮಾಡುವುದು ಕಷ್ಟವಲ್ಲ. ಪುನರುಜ್ಜೀವನಗೊಂಡ ಪ್ರತಿಯಾದರೆ ಶುರುವಿನಲ್ಲೋ ಕೊನೆಯಲ್ಲೋ ಒಂದು ಕಾರ್ಡ್ ಬರುತ್ತದೆ: ಯಾವ ಲ್ಯಾಬ್, ಯಾವ ವರ್ಷ, ಮೂಲ ಸಾಮಗ್ರಿ ಕ್ಯಾಮೆರಾ ನೆಗೆಟಿವೋ ಪ್ರಿಂಟೋ. ಅಲ್ಲಿ ಚಿತ್ರ ನಿಲ್ಲಿಸಿ ಬರೆದುಕೊಳ್ಳಿ. ‘ಪಥೇರ್ ಪಾಂಚಾಲಿ’ಯ 2015ರ 4ಕೆ ಪ್ರತಿ ಹೊಳೆಯುವಂತಿದ್ದರೂ ಕೆಲವು ಕಡೆ ಮಂಕಾಗುವುದು ಯಾಕೆಂದು ಈ ವಿವರದಿಂದ ತಿಳಿಯುತ್ತದೆ. 1993ರಲ್ಲಿ ಲಂಡನ್ನಿನ ಲ್ಯಾಬ್ ಒಂದಕ್ಕೆ ಬೆಂಕಿ ಬಿದ್ದು ನೆಗೆಟಿವ್ ಸುಟ್ಟಿತ್ತು. ಉಳಿದ ಭಾಗವನ್ನು ಸರಿಪಡಿಸಿ, ಹೋದ ಭಾಗಕ್ಕೆ ಬೇರೆ ಪ್ರತಿಗಳಿಂದ ತುಂಬಿದ್ದಾರೆ.

ಅವಧಿಯನ್ನು ವೆಬ್‌ಸೈಟ್ ನೋಡಿ ಬರೆಯಬೇಡಿ, ನಿಮ್ಮ ಪ್ಲೇಯರ್ ತೋರಿಸುವುದನ್ನೇ ಬರೆಯಿರಿ. 4 ಶೇಕಡಾ ಕಡಿಮೆ ಬಂದರೆ ಕತ್ತರಿ ಎಂದು ಗಾಬರಿ ಬೇಡ. ಯುರೋಪಿನ ಹಳೆಯ ಪಾಲ್ (ಅಲ್ಲಿನ ಟಿವಿ ಪದ್ಧತಿ) ಡಿವಿಡಿಗಳಲ್ಲಿ ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸುತ್ತಾರೆ. 100 ನಿಮಿಷದ್ದು 96ಕ್ಕೆ ಮುಗಿಯುತ್ತದೆ, ದನಿಯೂ ಒಂದಿಷ್ಟು ಏರಿರುತ್ತದೆ. ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದಾಗ ಮಾತ್ರ ಕತ್ತರಿಯ ಅನುಮಾನ. ಕುರೊಸಾವಾನ ‘ಸೆವೆನ್ ಸಮುರಾಯ್’ 207 ನಿಮಿಷ; ಎರಡೂಮುಕ್ಕಾಲು ಗಂಟೆಗೂ ಮೊದಲೇ ಮುಗಿದರೆ ನೀವು ನೋಡಿದ್ದು ಹೊರದೇಶಗಳಿಗೆಂದು ಮೊಟಕು ಮಾಡಿದ ಪ್ರತಿ.

ಹೂದಾನಿ:

ಪ್ರತಿಯ ವಿಷಯ ಮೇಲೆ ಹೇಳಿದ್ದಾರೆ. ಅನಿಸಿಕೆ ಬರೆಯುವ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಹೆಚ್ಚಿನ ಡೈರಿಗಳು ಕೆಡುವುದು ಅಲ್ಲೇ. ಗುಣವಾಚಕ ಬಿಡಿ, ಕಂಡದ್ದನ್ನು ಬರೆಯಿರಿ. ಚಿತ್ರಕ್ಕೆ ಒಂದೇ ಒಂದು ಶಾಟ್ ಆರಿಸಿಕೊಳ್ಳಿ: ಚೌಕಟ್ಟಿನಲ್ಲಿ ಯಾರು, ಎಲ್ಲಿ, ಕ್ಯಾಮೆರಾ ಎಷ್ಟು ಎತ್ತರದಲ್ಲಿ, ಅಲುಗಿತೋ ಇಲ್ಲವೋ, ಅದರ ಹಿಂದಿನ ಶಾಟ್ ಏನು, ಮುಂದಿನದೇನು.

ಜಪಾನಿನ ನಿರ್ದೇಶಕ ಓಜುವಿನ ‘ಲೇಟ್ ಸ್ಪ್ರಿಂಗ್’ (1949) ಬಗ್ಗೆ ‘ತಂದೆ-ಮಗಳ ಸಂಬಂಧ ಹೃದಯಸ್ಪರ್ಶಿ’ ಎಂದರೆ ಏನೂ ಉಳಿಯಲಿಲ್ಲ. ಹೀಗೆ ಬರೆಯಬಹುದು:

‘ಕ್ಯೋಟೋದ ವಸತಿಗೃಹ, ರಾತ್ರಿ. ಅಪ್ಪ, ಮಗಳು ಪಕ್ಕಪಕ್ಕ ಮಲಗಿದ್ದಾರೆ. ನೊರಿಕೊ ಮಾತಾಡುತ್ತಾಳೆ, ಉತ್ತರವಿಲ್ಲ, ಅಪ್ಪನಿಗೆ ನಿದ್ದೆ ಹತ್ತಿದೆ. ಅವಳ ಮುಖದಲ್ಲಿ ನಸುನಗೆ. ಕಟ್: ಕಾಗದದ ಬಾಗಿಲ ಮುಂದೆ ಹೂದಾನಿ, ಹಿಂದೆ ಬಿದಿರೆಲೆಗಳ ನೆರಳು, ಅಪ್ಪನ ಗೊರಕೆ. ಮತ್ತೆ ಅವಳ ಮುಖ, ನಗೆ ಹೋಗಿದೆ, ಅಳು ಬರುವ ಹಾಗಿದೆ. ಮತ್ತೆ ಹೂದಾನಿ. ಮುಂದಿನ ದೃಶ್ಯ ರ್ಯೋಆನ್‌ಜಿ ದೇವಾಲಯದ ಕಲ್ಲಿನ ತೋಟ.’

ಆ ಹೂದಾನಿಗೆ ಏನರ್ಥ ಎಂದು ವಿಮರ್ಶಕರು ದಶಕಗಳಿಂದ ವಾದಿಸುತ್ತಿದ್ದಾರೆ. ಶಾಟ್‌ಗಳ ಅನುಕ್ರಮ ನಿಮ್ಮ ಡೈರಿಯಲ್ಲಿ ಸರಿಯಾಗಿದ್ದರೆ ಆ ವಾದವನ್ನು ನೀವೇ ತೂಗಿ ನೋಡಬಹುದು. ಅದಕ್ಕೇ ವಿಮರ್ಶೆ ಓದುವ ಮೊದಲು ಬರೆಯಬೇಕು. ಓದಿದ ಮೇಲೆ ನಮ್ಮ ಕಣ್ಣು ಕಂಡದ್ದಕ್ಕೂ ಅವರು ಹೇಳಿದ್ದಕ್ಕೂ ಗೆರೆ ಅಳಿಸಿಹೋಗುತ್ತದೆ. ಓದಿದ ನಂತರ ಸೇರಿಸುವುದನ್ನು ಬೇರೆ ಬಣ್ಣದ ಶಾಯಿಯಲ್ಲೋ ಬೇರೆ ಕಾಲಂನಲ್ಲೋ ಇಡಿ.

ಕಥೆಯನ್ನೂ ಮೂರು ವಾಕ್ಯದಲ್ಲಿ, ಕೊನೆ ಏನಾಯಿತು ಅನ್ನುವುದನ್ನು ಸೇರಿಸಿ ಬರೆದಿಡಿ. ಡೈರಿ ನಿಮಗಾಗಿ, ಕೊನೆ ಮುಚ್ಚಿಡುವ ಅಗತ್ಯವಿಲ್ಲ. ಓಜು ವಿಷಯದಲ್ಲಂತೂ ಇದು ಬೇಕೇ ಬೇಕು. ‘ಲೇಟ್ ಸ್ಪ್ರಿಂಗ್’, ‘ಅರ್ಲಿ ಸಮ್ಮರ್’, ‘ಅರ್ಲಿ ಸ್ಪ್ರಿಂಗ್’, ‘ಲೇಟ್ ಆಟಮ್’ ಎಲ್ಲ ತಲೆಯಲ್ಲಿ ಕಲಸಿಹೋಗುತ್ತವೆ. ನಟಿ ಸೆಟ್ಸುಕೊ ಹಾರಾ 1949, 1951, 1953ರ ಮೂರು ಚಿತ್ರಗಳಲ್ಲಿ ನೊರಿಕೊ ಎಂಬ ಹೆಸರಿನ ಮೂವರು ಬೇರೆ ಬೇರೆ ಹೆಣ್ಣುಮಕ್ಕಳು. 1960ರ ‘ಲೇಟ್ ಆಟಮ್’ ಹೊತ್ತಿಗೆ ಅವಳೇ ಮಗಳ ಮದುವೆ ಮಾಡಬೇಕಾದ ತಾಯಿ. ಪಾತ್ರ, ಸಂಬಂಧ, ಕೊನೆ ಬರೆದಿಟ್ಟರೆ ಈ ಹೊರಳು ಡೈರಿಯಲ್ಲೇ ಕಣ್ಣಿಗೆ ಬೀಳುತ್ತದೆ, ಅದರ ಖುಷಿಯೇ ಬೇರೆ.

ನಕ್ಷತ್ರ ಆ ರಾತ್ರಿಯೇ ಕೊಡಬೇಡಿ. ಒಂದು ವಾರ ಬಿಟ್ಟು ಕೊಡಿ. ಸಾವಕಾಶವಾಗಿ ಸಾಗುವ ಚಿತ್ರಗಳಿಗೆ ಆ ರಾತ್ರಿಯ ಆಯಾಸ ಅನ್ಯಾಯ ಮಾಡುತ್ತದೆ. ಶಾಂಟಾಲ್ ಆ್ಯಕರ್‌ಮನ್‌ಳ ‘ಜಾನ್ ಡೀಲ್‌ಮನ್’ (1975) 201 ನಿಮಿಷ. ಎರಡನೇ ದಿನ ಆಲೂಗಡ್ಡೆ ಹೆಚ್ಚು ಬೆಂದುಹೋದದ್ದೇ ಅದರಲ್ಲಿ ದೊಡ್ಡ ತಿರುವು. ಅದರ ತೂಕ ಮರುದಿನ ನಿಮ್ಮ ಅಡುಗೆಮನೆಗೆ ಹೋದಾಗ ಗೊತ್ತಾಗುತ್ತದೆ.

ಎರಡು ಕಾಲಂ:

ನೋಟ್‌ಬುಕ್ಕೂ ಬೇಕು, ಶೀಟೂ ಬೇಕು. ಕತ್ತಲಲ್ಲಿ, ಆಮೇಲೆ ಬಸ್ಸಿನಲ್ಲಿ ಗೀಚುವುದಕ್ಕೆ ನೋಟ್‌ಬುಕ್. ಹುಡುಕುವುದಕ್ಕೆ ಶೀಟ್.

ಶೀಟ್‌ನಲ್ಲಿ ತಾರೀಖನ್ನು 2025-03-05 ಹೀಗೆ, ಇಸವಿ ಮುಂದಿಟ್ಟು ಬರೆಯಿರಿ. 05-03 ಎಂದು ಹಾಕಿದರೆ ಕಂಪ್ಯೂಟರಿನ ಸೆಟ್ಟಿಂಗ್ ಮೇಲೆ ಅದು ಮಾರ್ಚ್ 5 ಆಗಬಹುದು, ಮೇ 3 ಕೂಡ ಆಗಬಹುದು. ಚಿತ್ರದ ಗುರುತಿಗೆ ಹೆಸರನ್ನು ನಂಬಬೇಡಿ, ಐಎಂಡಿಬಿ (ಸಿನಿಮಾ ಮಾಹಿತಿಯ ವೆಬ್‌ಸೈಟ್) ಪ್ರತಿ ಚಿತ್ರಕ್ಕೂ ಕೊಡುವ ಸಂಖ್ಯೆ ಹಾಕಿ. ಡಿ ಸಿಕಾನ ಚಿತ್ರ ಒಂದು ಕಡೆ ‘ಬೈಸಿಕಲ್ ಥೀಫ್’, ಇನ್ನೊಂದು ಕಡೆ ‘ಬೈಸಿಕಲ್ ಥೀವ್ಸ್’, ಮತ್ತೊಂದು ಕಡೆ ‘ಲಾದ್ರಿ ದಿ ಬಿಚಿಕ್ಲೆತ್ತೆ’ ಎಂದಿರುತ್ತದೆ. ಸಂಖ್ಯೆ ಮಾತ್ರ ಒಂದೇ.

ಇಸವಿಗೆ ಎರಡು ಕಾಲಂ: ಚಿತ್ರ ಮುಗಿದದ್ದು, ಮೊದಲು ಬಿಡುಗಡೆಯಾದದ್ದು. ತಾರ್ಕೊವ್‌ಸ್ಕಿಯ ‘ಆಂದ್ರೇ ರುಬ್ಲೆವ್’ 1966ರಲ್ಲಿ ಮುಗಿಯಿತು, ಕಾನ್ ಚಿತ್ರೋತ್ಸವದಲ್ಲಿ ಕಂಡದ್ದು 1969ರಲ್ಲಿ, ಸೋವಿಯತ್ ಚಿತ್ರಮಂದಿರಕ್ಕೆ ಬಂದದ್ದು 1971ರಲ್ಲಿ. ಒಂದೇ ಕಾಲಂ ಇದ್ದರೆ ಪ್ರತಿ ಸಲವೂ ಇದೇ ಜಗಳ.

ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ತೊಡಕು ಇದೆ. ಕುರೊಸಾವಾ, ಕುರೋಸಾವ, ಕುರಸೋವ ಎಂದು ಒಂದೊಂದು ದಿನ ಒಂದೊಂದು ಥರ ಬರೆದರೆ ಫಿಲ್ಟರ್ ಹಾಕಿದಾಗ ಒಬ್ಬ ನಿರ್ದೇಶಕ ಮೂವರಾಗುತ್ತಾನೆ. ಬೇರೆ ಹಾಳೆಯಲ್ಲಿ ಹೆಸರುಗಳ ಪಟ್ಟಿ ಮಾಡಿ, ಡ್ರಾಪ್‌ಡೌನ್‌ನಿಂದ ಆರಿಸಿ. ಫೈಲನ್ನು ಸಿಎಸ್‌ವಿ (ಬರೀ ಸರಳ ಪಠ್ಯದ ಪಟ್ಟಿ) ಆಗಿ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಆಯ್ಕೆಯನ್ನೇ ಒತ್ತಿ. ಬರೀ ‘ಸಿಎಸ್‌ವಿ’ ಒತ್ತಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಮೂಲ ಫೈಲು ಇಲ್ಲದಿದ್ದರೆ ಮತ್ತೆ ಪಡೆಯುವ ದಾರಿಯಿಲ್ಲ.

ನೋಡಿದ ಚಿತ್ರಗಳನ್ನು ದಾಖಲಿಸುವ ಆ್ಯಪ್ ಲೆಟರ್‌ಬಾಕ್ಸ್‌ಡ್ ಬಳಸಬಹುದು, ಚೆನ್ನಾಗಿದೆ. ಪ್ರತಿಯ ವಿವರವನ್ನು ಅಲ್ಲಿ ಟ್ಯಾಗ್ ಆಗಿ ಹಾಕಿ. ಸೆಟ್ಟಿಂಗ್ಸ್‌ನ ಡೇಟಾ ಭಾಗದಿಂದ ಆಗಾಗ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಅದರ ಡೈರಿ ಫೈಲಿನಲ್ಲಿ ಎರಡು ತಾರೀಖು ಇರುತ್ತವೆ, ಒಂದು ನೀವು ದಾಖಲಿಸಿದ ದಿನ, ಇನ್ನೊಂದು ನೋಡಿದ ದಿನ. ಶೀಟಿಗೆ ತರುವಾಗ ಎರಡನೆಯದನ್ನು ತೆಗೆದುಕೊಳ್ಳಿ.

ಮೂರನೇ ಸಾಲು:

ಎಲ್ಲರಿಗೂ ಧನ್ಯವಾದ, ಪ್ರತಿಯ ಕಾಲಂ ಇವತ್ತೇ ಸೇರಿಸುತ್ತೇನೆ. ಮೂಕಿ ಚಿತ್ರಗಳಿಗೆ ಬೇರೆ ಏನಾದರೂ ಬರೆಯಬೇಕಾ? ಟಿವಿಯಲ್ಲಿ ನೋಡುವಾಗ ಚೌಕಟ್ಟು ಸರಿಯಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ರೀಲುಡಬ್ಬಿ:

ಮೂಕಿಗೆ ಎರಡು ಬೇಕು: ಓಡಿದ ವೇಗ, ಜೊತೆಗಿದ್ದ ಸಂಗೀತ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಸೆಕೆಂಡಿಗೆ 16ರಿಂದ 24 ಫ್ರೇಮಿನವರೆಗೆ ಏನೂ ಇರಬಹುದು. 35 ಎಂಎಂನಲ್ಲಿ ಅಡಿಗೆ 16 ಫ್ರೇಮು. 1000 ಅಡಿಯ ರೀಲು 16ರ ವೇಗದಲ್ಲಿ 16 ನಿಮಿಷ 40 ಸೆಕೆಂಡು, 24ರಲ್ಲಿ 11 ನಿಮಿಷ 7 ಸೆಕೆಂಡು. ಒಂದು ಫ್ರೇಮೂ ಕತ್ತರಿಸದೆ ಇಷ್ಟು ಅಂತರ. ಡ್ರೇಯರ್‌ನ ‘ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’ (1928) 24ರಲ್ಲಿ 81 ನಿಮಿಷ, 20ರಲ್ಲಿ 97. ಒಂದೇ ಡಿಸ್ಕಿನಲ್ಲಿ ಎರಡೂ ಸಿಗುತ್ತವೆ. ಜೋನ್ ಪಾತ್ರದ ನಟಿ ಫಾಲ್ಕೊನೆಟ್ಟಿಯ ಕಣ್ಣಿನಿಂದ ಹನಿ ಇಳಿಯುವ ವೇಗವೇ ಬೇರೆಯಾಗುತ್ತದೆ, ಆದ್ದರಿಂದ ಯಾವುದು ನೋಡಿದಿರೆಂದು ಬರೆಯಲೇಬೇಕು. ಸಂಗೀತ ಯಾರದ್ದೆಂದೂ ಹಾಕಿ, ಸದ್ದಿಲ್ಲದೆ ನೋಡಿದರೆ ಅದನ್ನೂ.

ಟಿವಿ ವಿಷಯ: ಮೊದಲು ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಪ್ರತಿ ಕಂಪನಿಯ ಮೆನುವಿನಲ್ಲಿ ಅದಕ್ಕೆ ಬೇರೆ ಬೇರೆ ಹೆಸರಿದೆ, ಪಿಕ್ಚರ್ ಸೆಟ್ಟಿಂಗ್ಸ್ ಒಳಗೆ ಹುಡುಕಿ. ಅದು ಆನ್ ಇದ್ದರೆ ಟಿವಿಯೇ ನಡುವೆ ಫ್ರೇಮು ಹುಟ್ಟಿಸಿ, ಚಿತ್ರ ಧಾರಾವಾಹಿಯ ಹಾಗೆ ಜಾರುತ್ತದೆ. ಆಮೇಲೆ ಚೌಕಟ್ಟು. 1932ರಿಂದ 50ರ ದಶಕದ ಆರಂಭದವರೆಗಿನ ಚಿತ್ರಗಳು ಹೆಚ್ಚುಕಡಿಮೆ ಎಲ್ಲವೂ 1.37:1 (ಅಗಲಕ್ಕೆ ಎತ್ತರ). 16:9 ಪರದೆಯಲ್ಲಿ ಅವು ಅಗಲದ ಮುಕ್ಕಾಲು ಭಾಗ ಮಾತ್ರ ತುಂಬಬೇಕು, ಎಡಬಲಕ್ಕೆ ಕಪ್ಪು ಪಟ್ಟಿ ಇರಲೇಬೇಕು. ಪಟ್ಟಿ ಇಲ್ಲದಿದ್ದರೆ ಎರಡರಲ್ಲಿ ಒಂದಾಗಿದೆ. ಗಾಡಿಯ ಚಕ್ರ, ತಟ್ಟೆ, ಗಡಿಯಾರ ಮೊಟ್ಟೆಯಾಕಾರ ಕಂಡರೆ ಎಳೆದು ಹಿಗ್ಗಿಸಿದ್ದಾರೆ. ಚಕ್ರ ದುಂಡಗಿದ್ದು ತಲೆಯೋ ಪಾದವೋ ಕತ್ತರಿಸಿದ್ದರೆ ಝೂಮ್ ಮಾಡಿದ್ದಾರೆ. ಝೂಮ್ ಆದ ಪ್ರತಿಯಿಂದ ಕ್ಯಾಮೆರಾದ ಎತ್ತರದ ಬಗ್ಗೆ ಟಿಪ್ಪಣಿ ಬರೆಯಬೇಡಿ, ಸುಳ್ಳಾಗುತ್ತದೆ.

ಹೂದಾನಿ:

ಇನ್ನೊಂದು ಮಾತು. ಇದೆಲ್ಲ ಹೊರದೇಶದ ಚಿತ್ರಗಳಿಗೆ ಮಾತ್ರ ಅಂದುಕೊಳ್ಳಬೇಡಿ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದನ್ನು ಮೊದಲು ಮಸುಕಾದ ವೀಡಿಯೊ ಪ್ರತಿಯಲ್ಲಿ ನೋಡಿ ‘ಬೆಳಕು ಸಾಲದು’ ಎಂದು ಬರೆದಿದ್ದರೆ ಆ ಸಾಲನ್ನು ಅಳಿಸಬೇಡಿ, ಪಕ್ಕದಲ್ಲಿ ಪ್ರತಿಯ ಹೆಸರು ಹಾಕಿ. ಹೊಸ ಪ್ರತಿಗೆ ಹೊಸ ಸಾಲು, ಹೊಸ ತಾರೀಖು.

ಚಿತ್ರೋತ್ಸವಕ್ಕೆ ಹೋಗುವವರು ಎರಡು ಪ್ರದರ್ಶನಗಳ ನಡುವೆ ಸಾಲಿನಲ್ಲಿ ನಿಂತೇ ಆ ಒಂದು ಶಾಟ್ ಬರೆದುಬಿಡಿ. ದಿನಕ್ಕೆ ನಾಲ್ಕು ಚಿತ್ರ ನೋಡಿ ರಾತ್ರಿ ಕೂತು ಬರೆದರೆ ಒಂದರ ಕೊನೆ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಡಿಸಿಪಿಯೋ (ಚಿತ್ರಮಂದಿರದ ಡಿಜಿಟಲ್ ಪ್ರತಿ) 35 ಎಂಎಂ ಪ್ರಿಂಟೋ ಅನ್ನುವುದು ಕೈಪಿಡಿಯಲ್ಲಿ ಇಲ್ಲದಿದ್ದರೆ ಪ್ರೊಜೆಕ್ಷನ್ ಕೋಣೆಯವರನ್ನು ಕೇಳಿ, ಸಂತೋಷದಿಂದ ಹೇಳುತ್ತಾರೆ.