ಬಾಡಿಗೆ ಮನೆ ರಿಪೇರಿ: ಫೋನ್ ಮಾಡಿದ್ದು ಸಾಕು, ಬರೆದು ಕಳಿಸಿ

ಮಗುವಿನ ರೂಮಿನ ಗೋಡೆಗೆ ಬೂಷ್ಟು ಹಿಡಿದಿದೆ, ಏಜೆಂಟ್ "ಕಿಟಕಿ ತೆಗೆದಿಡಿ" ಅಂತಷ್ಟೇ ಹೇಳುತ್ತಾನೆ, ಏನು ಮಾಡೋದು ಅಂತ ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಒಂದು ಕುಟುಂಬದವರು ಕೇಳಿದ್ದಾರೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇದು ಇಂಗ್ಲೆಂಡಿನಲ್ಲಿ ಇರುವವರಿಗೆ. ಸ್ಕಾಟ್ಲೆಂಡ್, ವೇಲ್ಸ್‌ನ ನಿಯಮಗಳು ಬೇರೆ.

ನಾವೂ ಇದನ್ನು ಅನುಭವಿಸಿದ್ದೇವೆ. ಇಲ್ಲಿಗೆ ಬಂದ ಮೊದಲ ಚಳಿಗಾಲ, ಮಗಳಿಗೆ ಆಗ ಮೂರು ವರ್ಷ. ಒಂದು ದಿನ ಅವಳ ಮಂಚ ಸರಿಸಿ ನೋಡಿದರೆ ಹಿಂದಿನ ಗೋಡೆಯೆಲ್ಲ ಕಪ್ಪು. ಭಾನುವಾರ ಒರೆಸಿದರೆ ಬುಧವಾರಕ್ಕೆ ಮತ್ತೆ ಬರುತ್ತಿತ್ತು. ರಾತ್ರಿಯೆಲ್ಲ ಅವಳ ಕೆಮ್ಮು. ಏಜೆಂಟ್‌ಗೆ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಒಂದೇ ಉತ್ತರ: ನೀವು ಮನೆಯೊಳಗೆ ಬಟ್ಟೆ ಒಣಗಿಸುತ್ತೀರಿ, ಅಡುಗೆ ಜಾಸ್ತಿ ಮಾಡುತ್ತೀರಿ. ಕೇಳಿ ಕೇಳಿ ನಮ್ಮದೇ ತಪ್ಪು ಅಂತ ನಂಬಿಬಿಟ್ಟಿದ್ದೆವು. ಆಮೇಲೆ ಗೊತ್ತಾಯಿತು, ಹೊರಗೆ ಗಟರ್ (ಛಾವಣಿಯ ಅಂಚಿನ ಮಳೆನೀರಿನ ದೋಣಿ) ಒಡೆದು ಮಳೆ ನೀರು ನೇರವಾಗಿ ಆ ಗೋಡೆಗೇ ಇಳಿಯುತ್ತಿತ್ತು.

ಆ ಗಟರ್ ಸರಿ ಮಾಡಿಸುವುದು ಓನರ್‌ನ ಕೆಲಸ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್‌ನ 11ನೇ ಸೆಕ್ಷನ್‌ನಲ್ಲೇ ಇದು ಇದೆ. ಛಾವಣಿ, ಗೋಡೆ, ಗಟರ್, ಚರಂಡಿ ಪೈಪು, ನೀರು, ಗ್ಯಾಸ್, ಕರೆಂಟು, ಟಾಯ್ಲೆಟ್, ಹೀಟಿಂಗ್, ಬಿಸಿನೀರು ಎಲ್ಲವೂ ಇದರಲ್ಲಿ ಬರುತ್ತವೆ. ಏಳು ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆಗೆಲ್ಲ ಅನ್ವಯ. ರಿಪೇರಿಯೆಲ್ಲ ಬಾಡಿಗೆದಾರರದ್ದೇ ಅಂತ ಅಗ್ರಿಮೆಂಟಿನಲ್ಲಿ ಬರೆಸಿಕೊಂಡಿದ್ದರೂ ಈ ಹೊಣೆಯಿಂದ ಓನರ್ ತಪ್ಪಿಸಿಕೊಳ್ಳಲು ಆಗುವುದಿಲ್ಲ. 2019ರ ಮಾರ್ಚ್‌ನಿಂದ ಇನ್ನೊಂದು ಕಾನೂನೂ ಜಾರಿಯಲ್ಲಿದೆ. ಅದರ ಪ್ರಕಾರ ಮನೆ ವಾಸಕ್ಕೆ ಯೋಗ್ಯವಾಗಿರಬೇಕು. ಏನೂ ಒಡೆದಿಲ್ಲದಿದ್ದರೂ, ತೇವದಿಂದ ಮನೆ ವಾಸಕ್ಕೆ ಯೋಗ್ಯವಲ್ಲ ಅನ್ನುವಷ್ಟು ಹಾಳಾಗಿದ್ದರೆ ಕೋರ್ಟಿಗೆ ಹೋಗಬಹುದು.

ಬೂಷ್ಟನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ರೋಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಅವಾಬ್ ಇಷಾಕ್ ಅನ್ನುವ ಎರಡು ವರ್ಷದ ಮಗು ತೀರಿಕೊಂಡಿತು. ವಲಸೆ ಬಂದ ಕುಟುಂಬ, ನಮ್ಮ ಹಾಗೆಯೇ. ಅಪ್ಪ 2017ರಲ್ಲೇ ದೂರು ಕೊಟ್ಟಿದ್ದರು. ಮೇಲೆ ಬಣ್ಣ ಬಳಿಯಿರಿ ಅಂತ ಅವರಿಗೆ ಉತ್ತರ ಸಿಕ್ಕಿತ್ತು. ಮಗು ಸತ್ತಿದ್ದು ಬೂಷ್ಟಿನಿಂದಲೇ ಅಂತ 2022ರಲ್ಲಿ ಕೊರೋನರ್ (ಸಾವಿನ ಕಾರಣ ವಿಚಾರಣೆ ಮಾಡುವ ಅಧಿಕಾರಿ) ಹೇಳಿದರು. ಆ ಮಗುವಿನ ಹೆಸರಿನ ಅವಾಬ್ಸ್ ಲಾ 2025ರ ಅಕ್ಟೋಬರ್ 27ರಿಂದ ಕೌನ್ಸಿಲ್ (ಸ್ಥಳೀಯ ಆಡಳಿತ) ಮತ್ತು ಹೌಸಿಂಗ್ ಸಂಸ್ಥೆಗಳು ಬಾಡಿಗೆಗೆ ಕೊಡುವ ಮನೆಗಳಿಗೆ, ಅಂದರೆ ಸೋಶಿಯಲ್ ಹೌಸಿಂಗ್‌ಗೆ ಜಾರಿಗೆ ಬಂದಿದೆ. ಅಲ್ಲಿ ತುರ್ತು ಅಪಾಯವಿದ್ದರೆ 24 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು. ಖಾಸಗಿ ಬಾಡಿಗೆ ಮನೆಗಳಿಗೂ ಅದನ್ನು ತರಲು ಕಾನೂನಿನಲ್ಲಿ ದಾರಿ ಮಾಡಿದ್ದಾರೆ.

ಈಗ ನಾನು ಮಾಡಿದ ದೊಡ್ಡ ತಪ್ಪು. ಬರೀ ಫೋನ್ ಮಾಡುತ್ತಾ ಕೂತಿದ್ದೆ. ಮನೆಯೊಳಗಿನ ಸಮಸ್ಯೆ ಓನರ್‌ಗೆ ತಿಳಿಸಿದ ಮೇಲೆಯೇ ಅವರ ಹೊಣೆ ಶುರುವಾಗುತ್ತದೆ. ತಿಳಿಸಿದ್ದಕ್ಕೆ ನನ್ನ ಹತ್ತಿರ ಒಂದು ಸಾಲಿನ ಸಾಕ್ಷಿಯೂ ಇರಲಿಲ್ಲ. ಹಾಗಾಗಿ ಇಮೇಲ್ ಮಾಡಿ. ಯಾವ ರೂಮು, ಯಾವಾಗಿನಿಂದ, ಮಗುವಿಗೆ ಏನಾಗುತ್ತಿದೆ ಅಂತ ಬರೆಯಿರಿ, ಫೋಟೊ ಹಾಕಿ. ಜಿಪಿ (ನಿಮ್ಮ ಏರಿಯಾದ ಡಾಕ್ಟರ್) ಹತ್ತಿರ ಹೋದಾಗ ಮನೆಯ ಬೂಷ್ಟಿನ ವಿಷಯ ಹೇಳಿ, ಅದು ದಾಖಲಾಗಲಿ. ಓನರ್ ಯಾರು ಅಂತಲೇ ಗೊತ್ತಿಲ್ಲವೇ? ಏಜೆಂಟ್‌ಗೆ ಬರೆದು ಕೇಳಿ. 21 ದಿನದೊಳಗೆ ಹೆಸರು, ವಿಳಾಸ ಕೊಡಬೇಕು. ಸರಿಯಾದ ಕಾರಣವಿಲ್ಲದೆ ಕೊಡದಿದ್ದರೆ ಅದು ಅಪರಾಧ.

ಆಮೇಲೂ ಕೆಲಸ ಆಗಲಿಲ್ಲವಾದರೆ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕೆ ದೂರು ಕೊಡಿ. ಅವರು ಬಂದು ನೋಡಿ, ಅಪಾಯ ಕೆಟಗರಿ 1, ಅಂದರೆ ಅತಿ ಗಂಭೀರ ಅಂತ ತೀರ್ಮಾನಿಸಿದರೆ 2004ರ ಹೌಸಿಂಗ್ ಆಕ್ಟ್ ಪ್ರಕಾರ ಕೌನ್ಸಿಲ್ ಸುಮ್ಮನಿರುವ ಹಾಗಿಲ್ಲ, ಕ್ರಮ ತೆಗೆದುಕೊಳ್ಳಲೇಬೇಕು. ನಮ್ಮ ವಿಷಯದಲ್ಲಿ ಕೌನ್ಸಿಲ್‌ನಿಂದ ಪತ್ರ ಹೋದ ಎರಡೇ ವಾರಕ್ಕೆ ಗಟರ್ ಸರಿಯಾಯಿತು.

ನಮ್ಮವರು ಇಲ್ಲೇ ಹಿಂಜರಿಯುವುದು. ದೂರು ಕೊಟ್ಟರೆ ವೀಸಾಗೆ ತೊಂದರೆ ಆಗುತ್ತಾ ಅಂತ ನನಗೂ ಭಯ ಇತ್ತು. ವೀಸಾ ಮೇಲೆ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್" ಅಂತ ಇರುತ್ತದಲ್ವಾ, ಅದರಲ್ಲಿ ಬರುವುದು ಸರ್ಕಾರದ ಭತ್ಯೆಗಳು, ಕೌನ್ಸಿಲ್ ಮನೆ ಇಂಥವು. ಮನೆ ರಿಪೇರಿ ಬಗ್ಗೆ ಕೌನ್ಸಿಲ್‌ಗೆ ದೂರು ಕೊಡುವುದು ಅದರಲ್ಲಿ ಬರುವುದಿಲ್ಲ. ಓನರ್ ವಿರುದ್ಧ ಕೋರ್ಟಿಗೆ ಹೋಗುವುದೂ ಬರುವುದಿಲ್ಲ. ಇನ್ನೊಂದು ಭಯ, ಮನೆ ಖಾಲಿ ಮಾಡಿಸಿದರೆ ಅಂತ. ಕಾರಣ ಹೇಳದೆ ಖಾಲಿ ಮಾಡಿಸುವ ಸೆಕ್ಷನ್ 21 ಅನ್ನುವ ನಿಯಮವನ್ನು 2026ರ ಮೇ 1ರಿಂದ ರೆಂಟರ್ಸ್ ರೈಟ್ಸ್ ಆಕ್ಟ್ ತೆಗೆದುಹಾಕುತ್ತದೆ. ಅಲ್ಲಿಂದ ಮುಂದೆ ಓನರ್ ಕಾನೂನು ಒಪ್ಪುವ ಕಾರಣ ತೋರಿಸಬೇಕು.

ಅಂಥ ಕಾರಣವನ್ನು ನಾವೇ ಕೈಯಾರೆ ಕೊಡಬಾರದು. ಸಿಟ್ಟು ಬಂದು ಬಾಡಿಗೆ ನಿಲ್ಲಿಸಬೇಡಿ, ದಯವಿಟ್ಟು. ಓನರ್ ಎಷ್ಟೇ ತಪ್ಪು ಮಾಡಿದ್ದರೂ ಬಾಡಿಗೆ ಬಾಕಿ ಬಾಕಿಯೇ, ಅದರ ಮೇಲೆ ನಿಮ್ಮನ್ನು ಹೊರಹಾಕಲು ಕೇಸ್ ಹಾಕಬಹುದು. ನಾವೇ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳುವ ದಾರಿಯೂ ಇದೆ. ಆದರೆ ಮೊದಲೇ ನೋಟಿಸ್ ಕೊಡಬೇಕು, ಕೊಟೇಶನ್ ಕಳಿಸಬೇಕು, ಉತ್ತರಕ್ಕೆ ಕಾಯಬೇಕು. ಒಂದು ಹೆಜ್ಜೆ ತಪ್ಪಿದರೂ ಬಾಕಿದಾರರಾಗುತ್ತೀರಿ. ಶೆಲ್ಟರ್ (ಮನೆ ಸಮಸ್ಯೆಗೆ ನೆರವಾಗುವ ಸೇವಾ ಸಂಸ್ಥೆ) ಅಥವಾ ಸಿಟಿಜನ್ಸ್ ಅಡ್ವೈಸ್‌ನಲ್ಲಿ ಕೇಳದೆ ಆ ಕಡೆ ಹೋಗಬೇಡಿ. ಇಬ್ಬರೂ ಉಚಿತವಾಗಿ ಸಲಹೆ ಕೊಡುತ್ತಾರೆ.

ಕೊನೆಗೆ ಕೌಂಟಿ ಕೋರ್ಟ್ ಇದೆ. ರಿಪೇರಿ ಮಾಡಿಸುವಂತೆ ಆದೇಶ, ಜೊತೆಗೆ ಪರಿಹಾರ ಎರಡನ್ನೂ ಕೇಳಬಹುದು. ಅದಕ್ಕೂ ಮೊದಲು ಓನರ್‌ಗೆ ಕ್ಲೇಮ್ ಪತ್ರ ಕಳಿಸಿ 20 ಕೆಲಸದ ದಿನ ಕಾಯಬೇಕು. ಹೆಚ್ಚಿನವರಿಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳುವುದಿಲ್ಲ.

ಸದ್ಯಕ್ಕೆ ಮಗುವನ್ನು ಬೇರೆ ರೂಮಿನಲ್ಲಿ ಮಲಗಿಸಿ. ಗೋಡೆ ಒರೆಸುವ ಮೊದಲು ಫೋಟೊ ತೆಗೆದಿಡಿ. ನಾನು ಆಗ ಕಳಿಸಿದ ಇಮೇಲ್ ಇನ್ನೂ ನನ್ನ ಹತ್ತಿರ ಇದೆ. ಮೆಸೇಜ್ ಮಾಡಿ, ಇವತ್ತೇ ಕಳಿಸುತ್ತೇನೆ.